ಬಾಯಿ ಅವನದು, ಮಾತು ಇನ್ನೊಬ್ಬರದು

ಒಬ್ಬ ಕೂಲಿಯವನ ಮುಖವನ್ನು ಸಿನಿಮಾದವರು ಎಷ್ಟಕ್ಕೆ ಕೊಳ್ಳುತ್ತಾರೆ? ಮುಖ ಕೊಂಡ ಮೇಲೆ ಅವನ ನಾಲಿಗೆಯನ್ನು ಏನು ಮಾಡುತ್ತಾರೆ?

ಇಟಲಿಯ ಸಿನಿಮಾ ಅಂದರೆ ನಮ್ಮ ಗೋಷ್ಠಿಗಳಲ್ಲಿ ಡಿ ಸಿಕಾನ 'ಬೈಸಿಕಲ್ ಥೀವ್ಸ್' ಅಷ್ಟೆ. ಅದರಲ್ಲಿ ಸೈಕಲ್ ಕಳಕೊಂಡು ಅಲೆಯುವ ಲಾಂಬೆರ್ತೊ ಮಜ್ಜೊರಾನಿ ನಿಜಕ್ಕೂ ಕಾರ್ಖಾನೆಯ ಕೆಲಸಗಾರ. 1948ರಲ್ಲಿ ಜಗತ್ತೆಲ್ಲ ಅವನನ್ನು ನೋಡಿ ಅತ್ತಿತು. ಆಮೇಲೆ ಅವನು ಕಾರ್ಖಾನೆಗೆ ವಾಪಸ್ಸು ಹೋದ, ಕೆಲಸ ಕಳಕೊಂಡ, ಸಣ್ಣಪುಟ್ಟ ಪಾತ್ರಕ್ಕಾಗಿ ಸ್ಟುಡಿಯೋಗಳ ಬಾಗಿಲು ತಟ್ಟಿದ. ಆ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಹೇಳಲಿ. ಆದರೆ ಕೂಲಿಯಿಂದ ಸಿನಿಮಾಕ್ಕೆ ಬಂದು, ಅಲ್ಲೇ ಉಳಿದು, ಐವತ್ತು ವರ್ಷ ಜನರನ್ನು ನಗಿಸಿ ಹೊಟ್ಟೆ ಹೊರೆದ ಇನ್ನೊಬ್ಬನಿದ್ದಾನೆ. ಅವನ ಹೆಸರು ತಿಬೇರಿಯೊ ಮುರ್ಜಾ. ನಗಿಸಿದವನಾದ್ದರಿಂದ ಅವನ ಬಗ್ಗೆ ಯಾವ ಗೋಷ್ಠಿಯೂ ಇಲ್ಲ.

ಮುರ್ಜಾ ಹುಟ್ಟಿದ್ದು 1929ರಲ್ಲಿ, ಸಾರ್ಡೀನಿಯಾ ದ್ವೀಪದ ಒರಿಸ್ತಾನೊದಲ್ಲಿ. ಮನೆಯಲ್ಲಿ ಕಿತ್ತು ತಿನ್ನುವ ಬಡತನ. ಗಾರೆ ಕೆಲಸದವರ ಕೈಕೆಳಗೆ ದುಡಿದ. ಕಮ್ಯುನಿಸ್ಟ್ ಪಕ್ಷದವರ ಜೊತೆ ಓಡಾಡಿದ, ಪಕ್ಷದ ಪತ್ರಿಕೆ 'ಲುನಿತಾ'ವನ್ನು ಮಾರಿದ. ಕಡೆಗೆ ಬೆಲ್ಜಿಯಂಗೆ ಹೋಗಿ ಮಾರ್ಸಿನೆಲ್‌ನ ಕಲ್ಲಿದ್ದಲು ಗಣಿಗೆ ಇಳಿದ. ಇದನ್ನು ಅವನೊಬ್ಬನ ಸಾಹಸ ಅಂದುಕೊಳ್ಳಬೇಡಿ. 1946ರಲ್ಲಿ ಎರಡು ಸರ್ಕಾರಗಳು ಕೂತು ಒಪ್ಪಂದ ಬರೆದಿದ್ದವು: ಇಟಲಿ ಆಳುಗಳನ್ನು ಕೊಡಬೇಕು, ಬೆಲ್ಜಿಯಂ ಕಲ್ಲಿದ್ದಲು ಕೊಡಬೇಕು. ಆಳಿಗಿಷ್ಟು ಕಲ್ಲಿದ್ದಲು ಎಂದು ಲೆಕ್ಕ ಹಾಕಿ ಮನುಷ್ಯರನ್ನು ತೂಗಿದರು. ಹೋದವರಲ್ಲಿ ಎಷ್ಟೋ ಜನಕ್ಕೆ ಸಿಕ್ಕಿದ ಮನೆ, ಯುದ್ಧದಲ್ಲಿ ಸೆರೆಯಾಳುಗಳನ್ನು ಕೂಡಿಹಾಕಿದ್ದ ತಗಡಿನ ಶೆಡ್ಡು. 1956ರ ಆಗಸ್ಟ್ 8ರಂದು ಅದೇ ಮಾರ್ಸಿನೆಲ್‌ನಲ್ಲಿ ಗಣಿಯೊಳಗೆ ಬೆಂಕಿ ಬಿದ್ದು 262 ಜನ ಸತ್ತರು. ಅವರಲ್ಲಿ 136 ಜನ ಇಟಲಿಯವರು. ಮುರ್ಜಾ ಬದುಕಿಕೊಂಡ. ರೋಮ್‌ಗೆ ಬಂದು ಒಂದು ಹೋಟ್ಲಲ್ಲಿ ಪಾತ್ರೆ ತೊಳೆಯುತ್ತಿದ್ದ.

ಅಲ್ಲಿ ಅವನ ಮುಖ ಸಿನಿಮಾದವರ ಕಣ್ಣಿಗೆ ಬಿತ್ತು. ನಿರ್ದೇಶಕ ಮಾರಿಯೊ ಮೊನಿಚೆಲ್ಲಿ ಆಗ 'ಇ ಸೋಲಿತಿ ಇನ್ಯೋತಿ' ಎಂಬ ಚಿತ್ರಕ್ಕೆ ಜನ ಹುಡುಕುತ್ತಿದ್ದ. ಹೆಸರಿನ ಅರ್ಥ 'ಎಂದಿನ ಅಪರಿಚಿತರು'. ಕಳ್ಳ ಸಿಗದಿದ್ದಾಗ ವರದಿಯಲ್ಲಿ ಬರೆಯುತ್ತಾರಲ್ಲ, ಹಾಗೆ. 1958ರ ಈ ಚಿತ್ರದಲ್ಲಿ ರೋಮ್‌ನ ಐದಾರು ಗತಿಗೆಟ್ಟವರು ಸೇರಿ, ಬಡವರು ಸಾಮಾನು ಒತ್ತೆಯಿಡುವ ಅಂಗಡಿಯ ತಿಜೋರಿ ಒಡೆಯಲು ಹೊರಡುತ್ತಾರೆ. ರಾತ್ರಿಯಿಡೀ ಗೋಡೆ ಕೊರೆದರೆ ಸಿಗುವುದು ತಿಜೋರಿಯಲ್ಲ, ತಾವು ನಿಂತಿದ್ದ ಮನೆಯದೇ ಅಡಿಗೆಮನೆ! ಅಲ್ಲಿದ್ದ ಪಾಸ್ತಾ ಮತ್ತು ಕಡಲೆಕಾಳನ್ನು ತಿಂದು ಎದ್ದು ಬರುತ್ತಾರೆ. ಕೊನೆಗೆ ಗ್ಯಾಂಗಿನ ನಾಯಕ ಪೆಪ್ಪೆ ಕೂಲಿಗೆ ನುಗ್ಗುವ ಜನರ ನಡುವೆ ಸಿಕ್ಕಿಕೊಂಡು ಕಟ್ಟಡದ ಕೆಲಸದೊಳಕ್ಕೆ ತಳ್ಳಿಸಿಕೊಂಡು ಹೋಗುತ್ತಾನೆ. ಕಳ್ಳತನಕ್ಕೆ ಹೊರಟವನಿಗೆ ಸಿಕ್ಕ ಶಿಕ್ಷೆ, ಕೆಲಸ. ನವವಾಸ್ತವವಾದಕ್ಕೆ ದ್ರೋಹ ಬಗೆದ ಅಗ್ಗದ ಹಾಸ್ಯ ಎಂದು ಈ ಜಾತಿಯ ಚಿತ್ರಗಳನ್ನು ಪಕ್ಕಕ್ಕೆ ತಳ್ಳಿದ ಎಡಪಂಥೀಯ ಪಂಡಿತರಿದ್ದರು. ಅವರು ಹಸಿದ ಹೊಟ್ಟೆಯಲ್ಲಿ ನಕ್ಕವರಲ್ಲ ಅಂತ ಕಾಣುತ್ತದೆ. ನಮ್ಮ ಕೇರಿಯಲ್ಲಿ ಸಾವಿನ ಮನೆಯಲ್ಲೂ ನಗುವವರಿದ್ದಾರೆ. ಬಡವನ ಕಣ್ಣೀರು ಮಾತ್ರ ಸತ್ಯ, ಅವನ ನಗು ಸುಳ್ಳು ಅನ್ನುವುದು ಹೊಟ್ಟೆ ತುಂಬಿದವರ ಸೌಂದರ್ಯಮೀಮಾಂಸೆ.

ಆದ್ದರಿಂದ ನನ್ನ ತಕರಾರು ನಗುವಿನ ಮೇಲಲ್ಲ. ನಾಲಿಗೆಯ ಮೇಲೆ.

ಈ ಚಿತ್ರದಲ್ಲಿ ಮುರ್ಜಾನ ಪಾತ್ರದ ಹೆಸರು ಫೆರಿಬೊತ್ತೆ. ಸಿಸಿಲಿಗೆ ಜನರನ್ನು ದಾಟಿಸುವ ಫೆರಿ ಬೋಟು ಇದೆಯಲ್ಲ, ಅದು ಜನರ ಬಾಯಲ್ಲಿ ಸವೆದು ಹೀಗಾಗಿದೆ. ಅಂದರೆ ಪಾತ್ರ ಸಿಸಿಲಿಯವನದು. ಮುರ್ಜಾನೋ ಸಾರ್ಡೀನಿಯಾದವನು. ಎರಡೂ ದ್ವೀಪ, ಎರಡೂ ಬಡವು. ರೋಮಿನ ಕಣ್ಣಿಗೆ ಎರಡೂ ಒಂದೇ. ಆದರೆ ಸಾರ್ಡೀನಿಯಾದ ಭಾಷೆಗೂ ಸಿಸಿಲಿಯ ಭಾಷೆಗೂ ಅಜಗಜಾಂತರ. ಸಾರ್ಡೀನಿಯಾದ್ದು ಇಟಾಲಿಯನ್ನಿನ ಒಂದು ಉಪಭಾಷೆ ಕೂಡ ಅಲ್ಲ, ಲ್ಯಾಟಿನ್ನಿನಿಂದ ತಾನಾಗಿ ಬೆಳೆದ ಬೇರೆ ಭಾಷೆ. ಮುರ್ಜಾನ ಬಾಯಿಗೆ ಬೇರೊಬ್ಬನ ಸಿಸಿಲಿ ದನಿಯನ್ನು ಡಬ್ ಮಾಡಿ ಅಂಟಿಸಿದರು.

ಆ ಕಾಲದ ಇಟಲಿಯಲ್ಲಿ ಚಿತ್ರ ತೆಗೆದ ಮೇಲೆ ದನಿ ಕೂಡಿಸುವುದು ವಾಡಿಕೆ, ಇದರಲ್ಲೇನು ವಿಶೇಷ ಅನ್ನಬಹುದು. ನಿಜ. ಇದೇ ಚಿತ್ರದ ಮುದುಕ ಕಾರ್ಲೊ ಪಿಸಕಾನೆ ನೇಪಲ್ಸಿನವನು, ಅವನಿಗೆ ಬೊಲೊನ್ಯಾದ ಮಾತು ತೊಡಿಸಿದರು. ಫೆರಿಬೊತ್ತೆಯ ತಂಗಿಯಾಗಿ ಬರುವ ಕ್ಲಾಡಿಯಾ ಕಾರ್ಡಿನಾಲೆ ಟ್ಯುನಿಸ್‌ನಲ್ಲಿ ಹುಟ್ಟಿ ಬೆಳೆದವಳು, ಅವಳ ದನಿಯೂ ಅವಳದಲ್ಲ. ಆದರೆ ವಿಟ್ಟೊರಿಯೊ ಗಾಸ್‌ಮನ್‌ನ ದನಿ ಗಾಸ್‌ಮನ್‌ದೇ. ಮಾಸ್ತ್ರೊಯಾನಿಯ ದನಿ ಮಾಸ್ತ್ರೊಯಾನಿಯದೇ. ಯಾರ ದನಿ ಉಳಿಯಿತು, ಯಾರದು ಹೋಯಿತು, ನೀವೇ ನೋಡಿ.

ಒರಿಸ್ತಾನೊಗೆ ದೂರವಲ್ಲದ ಆಲೆಸ್ ಎಂಬ ಊರಿನಲ್ಲಿ 1891ರಲ್ಲಿ ಹುಟ್ಟಿದವನು ಆಂತೊನಿಯೊ ಗ್ರಾಮ್ಶಿ. ನಮ್ಮ ಕಮ್ಮಟಗಳಲ್ಲಿ ಅವನ ಹೆಸರು ಕೇಳಿದ್ದೀರಿ. ದಕ್ಷಿಣದವರು ಹುಟ್ಟಾ ಸೋಮಾರಿಗಳು, ಹುಟ್ಟಾ ಅಪರಾಧಿಗಳು ಎಂದು ಉತ್ತರದ ಕೆಲಸಗಾರರ ತಲೆಗೆ ಹೇಗೆ ತುಂಬಲಾಗಿತ್ತು ಎಂಬುದನ್ನು ಅವನು 1926ರಲ್ಲೇ ಬರೆದ. ಮರುವರ್ಷ ಸೆರೆಯಿಂದ ತಂಗಿಗೆ ಕಾಗದ ಹಾಕಿ, ಮಕ್ಕಳು ಸಾರ್ಡೀನಿಯಾದ ಮಾತನ್ನೇ ಆಡಲಿ, ತಡೀಬೇಡ ಅಂದ. ಮೂವತ್ತು ವರ್ಷದ ಮೇಲೆ ಅದೇ ಸೀಮೆಯ ಕೂಲಿಕಾರ ರೋಮಿನ ಪರದೆಯ ಮೇಲೆ ಬಂದಾಗ ಅವನ ಬಾಯಲ್ಲಿ ಆ ಮಾತಿಲ್ಲ. ಕಾಲೇಜಿನಲ್ಲಿ ನನ್ನ ಮಾತಿಗೆ ನಕ್ಕವರ ಮೇಲೆ ನನಗೆ ಸಿಟ್ಟಿತ್ತು. ನಕ್ಕರೂ ಅದು ನನ್ನ ಮಾತೇ ಆಗಿತ್ತಲ್ಲ ಎಂದು ಈಗ ಅನ್ನಿಸುತ್ತದೆ.

ಇನ್ನು ಫೆರಿಬೊತ್ತೆ ಮಾಡುವುದೇನು? ತಂಗಿ ಕಾರ್ಮೆಲಿನಾಳನ್ನು ಮನೆಯೊಳಗೆ ಕೂಡಿ ಬೀಗ ಹಾಕುತ್ತಾನೆ. ಮಾನ, ಮರ್ಯಾದೆ, ಮನೆತನ ಅಂತ ಮುಖ ಬಿಗಿದುಕೊಂಡು ಓಡಾಡುತ್ತಾನೆ. ಪ್ರೇಕ್ಷಕರು ಬಿದ್ದು ಬಿದ್ದು ನಗುತ್ತಾರೆ: ಈ ಸಿಸಿಲಿಯವರು ಹೀಗೇ ಕಣಯ್ಯ!

ಹಾಗಾದರೆ ಬೀಗದ ಕೈ ಯಾರ ಹತ್ತಿರ ಇತ್ತು? ಮುಸೊಲಿನಿಯ ಕಾಲದಲ್ಲಿ, 1930ರಲ್ಲಿ, ರೋಮಿನಲ್ಲಿ ಕೂತು ಬರೆದ ದಂಡಸಂಹಿತೆಯ 587ನೇ ಕಲಮನ್ನು ನೋಡಿ. ಹೆಂಡತಿ, ಮಗಳು ಅಥವಾ ತಂಗಿಯ ಅಕ್ರಮ ಸಂಬಂಧ ಕಂಡು ಮಾನಕ್ಕೆ ಪೆಟ್ಟು ಬಿದ್ದ ಸಿಟ್ಟಿನಲ್ಲಿ ಕೊಂದವನಿಗೆ ಮೂರರಿಂದ ಏಳು ವರ್ಷ ಸಜೆ. ಮಾಮೂಲು ಕೊಲೆಗಾದರೆ ಇಪ್ಪತ್ತೊಂದು ವರ್ಷಕ್ಕೆ ಕಡಿಮೆಯಿಲ್ಲ. 544ನೇ ಕಲಮಿನ ಪ್ರಕಾರ, ಬಲಾತ್ಕಾರ ಮಾಡಿದವನು ಅವಳನ್ನೇ ಮದುವೆಯಾದರೆ ಅಪರಾಧವೇ ಅಳಿಸಿಹೋಗುತ್ತಿತ್ತು. ಇದು ಸಿಸಿಲಿಯ ಕಾನೂನಲ್ಲ. ಮಿಲಾನಿಗೂ ಟೂರಿನ್ನಿಗೂ ಇದೇ ಕಾನೂನು. ಎರಡೂ ಕಲಮು ರದ್ದಾದದ್ದು 1981ರಲ್ಲಿ. ಅದಕ್ಕೂ ಮುಂಚೆ, ಅಪಹರಿಸಿ ಕೆಡಿಸಿದವನನ್ನು ಮದುವೆಯಾಗೋದಿಲ್ಲ ಎಂದು ಇಡೀ ದೇಶದ ಎದುರು ನಿಂತವಳು ಫ್ರಾಂಕಾ ವಿಯೋಲಾ. 1966ರಲ್ಲಿ, ಸಿಸಿಲಿಯ ಆಲ್ಕಮೊ ಊರಿನ ರೈತನ ಮಗಳು. ಅವಳ ಬೆನ್ನಿಗೆ ನಿಂತವನು ಅವಳ ಅಪ್ಪ. ಆ ಅಪ್ಪನೂ ಸಿಸಿಲಿಯವನೇ. ಅಂಥವನೊಬ್ಬನನ್ನು ಆಡುವ ಅವಕಾಶ ಮುರ್ಜಾನಿಗೆ ಸಿಗಲಿಲ್ಲ. ಅಧಿಕಾರಸ್ಥರು ಬರೆದ ಕಾನೂನನ್ನು ದಕ್ಷಿಣದ ಬಡವನ ಹುಟ್ಟುಗುಣ ಎಂಬಂತೆ ತೋರಿಸಿ ನಗಿಸಿದರು. ಮೊನಿಚೆಲ್ಲಿ ದುಷ್ಟನಲ್ಲ, ಎಡಪಂಥದವನು, ಬಡವರ ಬಗ್ಗೆ ಕರುಳಿದ್ದವನು. ಅಂಥವನ ಕೈಯಿಂದಲೇ ಇದು ಆಯಿತು.

1959ರಲ್ಲಿ ಮೊನಿಚೆಲ್ಲಿಯ 'ಲಾ ಗ್ರಾಂದೆ ಗ್ವೆರಾ' ಬಂತು. ಮೊದಲ ಮಹಾಯುದ್ಧದ ಅಳುಕಿನ ಸಿಪಾಯಿಗಳ ಕಥೆ, ವೆನಿಸ್‌ನಲ್ಲಿ ಚಿನ್ನದ ಸಿಂಹ ಗೆದ್ದಿತು. ಅದರಲ್ಲೂ ಮುರ್ಜಾ ಇದ್ದಾನೆ, ಮತ್ತೆ ಸಿಸಿಲಿಯವನಾಗಿ. ಆಮೇಲೆ ನೂರಕ್ಕೂ ಹೆಚ್ಚು ಚಿತ್ರ. ಹೆಚ್ಚಿನವುಗಳಲ್ಲಿ ಅದೇ ಹೊಟ್ಟೆಕಿಚ್ಚಿನ ಗಂಡ, ಅದೇ ಅಣ್ಣ, ಅದೇ ತೆಳು ಮೀಸೆ. ಬಹುಪಾಲು ನೆನಪಿಡುವಂಥವಲ್ಲ. 1985ರಲ್ಲಿ ಮೊದಲ ಚಿತ್ರದ ಮುಂದಿನ ಭಾಗ ತೆಗೆದಾಗ ಇಪ್ಪತ್ತೇಳು ವರ್ಷದ ಮೇಲೂ ಅವನು ಫೆರಿಬೊತ್ತೆಯೇ. ಜನ ಅವನನ್ನು ನಿಜವಾಗಿಯೂ ಸಿಸಿಲಿಯವನೆಂದೇ ನಂಬಿದ್ದರು.

ಅವನು ಯಾಕೆ ಒಪ್ಪಿಕೊಂಡ ಎಂದು ನಮ್ಮಲ್ಲಿ ಯಾರಾದರೂ ಕೇಳಬಹುದು. ಗಣಿಗೆ ಇಳಿದು ಬಂದವನನ್ನು ಹಾಗೆ ಕೇಳಲು ನನಗೆ ಬಾಯಿ ಬರುವುದಿಲ್ಲ. ಸುಳ್ಳು ನಾಲಿಗೆ ಅವನಿಗೆ ಅನ್ನ ಹಾಕಿತು. ಸ್ವಂತ ನಾಲಿಗೆ ಹಾಕಿರಲಿಲ್ಲ.

ಆದರೆ ದನಿ ಕಿತ್ತುಕೊಂಡವರಿಗೆ ದೇಹ ದಕ್ಕಲಿಲ್ಲ. ಚಿತ್ರವನ್ನು ಎರಡನೇ ಸಲ ನೋಡುವಾಗ ದನಿ ಪೂರಾ ತಗ್ಗಿಸಿ ಅವನೊಬ್ಬನನ್ನೇ ನೋಡಿದೆ. ಗಾಸ್‌ಮನ್ ನಾಟಕದ ಹುಲಿ. ಕೈ, ಹುಬ್ಬು, ಭುಜ ಎಲ್ಲ ಆಡಿಸುತ್ತಾನೆ. ಮುರ್ಜಾ ಏನೂ ಮಾಡುವುದಿಲ್ಲ. ಕಪ್ಪು ಬಟ್ಟೆ, ನೆಟ್ಟಗಿನ ಕತ್ತು, ಕಲ್ಲಿನಂಥ ಮುಖ. ಸುತ್ತ ಎಲ್ಲ ಕುಸಿಯುತ್ತಿದ್ದರೂ ಅವನು ನಗುವುದಿಲ್ಲ. ನಟನೆ ಕಲಿಸುವ ಯಾವ ಶಾಲೆಗೂ ಹೋಗದವನು. ಧಣಿಯ ಎದುರು, ಮೇಸ್ತ್ರಿಯ ಎದುರು, ಪೊಲೀಸಿನವನ ಎದುರು ಮುಖದಲ್ಲಿ ಏನನ್ನೂ ಬಿಟ್ಟುಕೊಡದೆ ನಿಲ್ಲುವ ಆ ನಿಲುವನ್ನು ನಾನು ಬಲ್ಲೆ. ನಮ್ಮಪ್ಪ ಕೂಲಿ ಬಟವಾಡೆಗೆ ಹಾಗೇ ನಿಲ್ಲುತ್ತಿದ್ದ.

ಮುರ್ಜಾ ಸತ್ತದ್ದು 2010ರ ಆಗಸ್ಟಿನಲ್ಲಿ, ರೋಮಿನ ಹತ್ತಿರದ ತೊಲ್ಫಾದಲ್ಲಿ. ಮೂರು ತಿಂಗಳ ಮೇಲೆ ಮೊನಿಚೆಲ್ಲಿಯೂ ಹೋದ. ಪತ್ರಿಕೆಗಳು ಬರೆದದ್ದು: ಫೆರಿಬೊತ್ತೆ ಇನ್ನಿಲ್ಲ.