‘ಆಯುಧ’ವೆಂದರೆ ಯಾವುದು, ‘ತರುವುದು’ ಎಂದರೆ ಏನು? ಸರ್ಕಾರಿ ಕಟ್ಟಡಗಳ ನಿಷೇಧಫಲಕಗಳ ಕನ್ನಡವನ್ನು ಕುರಿತು ಒಂದು ವಿಮರ್ಶೆ

ಸರ್ಕಾರಿ ಕಟ್ಟಡದ ಬಾಗಿಲಿನಲ್ಲಿ ‘ಆಯುಧಗಳನ್ನು ತರುವುದನ್ನು ನಿಷೇಧಿಸಲಾಗಿದೆ’ ಎಂದು ಬರೆದರೆ, ಆ ವಾಕ್ಯ ಯಾರಿಗೆ ಏನನ್ನು ಹೇಳುತ್ತದೆ? ಪ್ರಶ್ನೆ ಸರಳವೆಂದು ತೋರಬಹುದು. ಆದರೆ ಈ ವಾಕ್ಯದಲ್ಲಿರುವ ನಾಮಪದ, ಕ್ರಿಯಾಪದ ಮತ್ತು ಪ್ರಯೋಗ ಮೂರೂ ಕಾನೂನು ಹೇಳುವುದಕ್ಕಿಂತ ಬೇರೆಯದನ್ನೇ ಹೇಳುತ್ತವೆ ಎಂಬುದು ನಮ್ಮ ವಾದ. ಹೊಸಕೋಟೆ ತಾಲ್ಲೂಕಿನ ಹೋಬಳಿ ಕೇಂದ್ರವಾದ ಸೂಲಿಬೆಲೆಯಂಥ ಊರಿನ ಓದುಗನ ಕಡೆಯಿಂದ ಈ ವಾಕ್ಯವನ್ನು ನಾವಿಲ್ಲಿ ಓದಲು ಯತ್ನಿಸಿದ್ದೇವೆ. ಯಾವುದೇ ಒಂದು ಕಚೇರಿಯ ಫಲಕವನ್ನು ಆಕ್ಷೇಪಿಸುವುದು ನಮ್ಮ ಉದ್ದೇಶವಲ್ಲ. ನಾಡಕಚೇರಿ, ನ್ಯಾಯಾಲಯ, ಪರೀಕ್ಷಾಕೇಂದ್ರ, ಮತಗಟ್ಟೆ ಮುಂತಾದೆಡೆ ಬಳಸಲು ಲಭ್ಯವಿರುವ ವಾಕ್ಯಮಾದರಿಗಳೇ ನಮ್ಮ ವಿಮರ್ಶೆಯ ವಸ್ತು.

ಮೊದಲಿಗೆ ನಮ್ಮ ಶಿಸ್ತಿನ ಕುರಿತೇ ಒಂದು ಮಾತು. ಲ್ಯಾಂಡ್ರಿ ಮತ್ತು ಬೂರ್ಹಿ ಅವರ 1997ರ ಲೇಖನದಿಂದೀಚೆಗೆ ಬೆಳೆದ ಭಾಷಾಭೂದೃಶ್ಯದ ಅಧ್ಯಯನಗಳು ಫಲಕಗಳನ್ನು ಮುಖ್ಯವಾಗಿ ಎಣಿಸಿವೆ: ಯಾವ ಭಾಷೆ ಮೇಲಿದೆ, ಯಾವುದರ ಅಕ್ಷರ ದೊಡ್ಡದು, ಯಾವುದು ಇಲ್ಲವೇ ಇಲ್ಲ. ನಮ್ಮ ರಾಜ್ಯದ ಭಾಷಾನೀತಿಯ ಚರ್ಚೆಯೂ ಇದೇ ಜಾಡಿನಲ್ಲಿದೆ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮಕ್ಕೆ 2024ರಲ್ಲಿ ತಂದ ತಿದ್ದುಪಡಿ ವಾಣಿಜ್ಯ ಸಂಸ್ಥೆಗಳ ನಾಮಫಲಕಗಳಲ್ಲಿ ಶೇಕಡಾ 60ರಷ್ಟು ಕನ್ನಡವಿರಬೇಕೆಂದು ವಿಧಿಸಿತು. ಈ ಬೇಡಿಕೆಯ ನ್ಯಾಯವನ್ನು ನಾವು ಪ್ರಶ್ನಿಸುವುದಿಲ್ಲ. ಆದರೆ ಸರ್ಕಾರಿ ಕಟ್ಟಡದ ನಿಷೇಧಫಲಕ ನೂರಕ್ಕೆ ನೂರು ಕನ್ನಡದಲ್ಲಿದ್ದೂ ಓದುಗನಿಗೆ ತನ್ನ ಕರ್ತವ್ಯವನ್ನು ತಿಳಿಸದೆ ಹೋಗಬಹುದು. ಶೇಕಡಾವಾರು ಲೆಕ್ಕಕ್ಕೆ ಈ ಸೋಲು ಕಾಣುವುದಿಲ್ಲ. ಸ್ಕೊಲನ್ ದಂಪತಿಗಳು 2003ರ ಕೃತಿಯಲ್ಲಿ ಫಲಕದ ಅರ್ಥ ಅದು ನಿಂತ ಜಾಗದಿಂದ ಹುಟ್ಟುತ್ತದೆ ಎಂದು ವಾದಿಸಿದ್ದು ಸರಿಯೇ. ಆದರೆ ಜಾಗಕ್ಕೆ ಅರ್ಥ ಕೊಡುವವನು ಅಲ್ಲಿಗೆ ಬರುವ ಮನುಷ್ಯ, ಮತ್ತು ಅವನು ತನ್ನ ಭಾಷೆಯ ಪದಕೋಶವನ್ನು ಜೊತೆಯಲ್ಲಿಯೇ ತರುತ್ತಾನೆ.

ಈಗ ನಾಮಪದವನ್ನು ನೋಡೋಣ. 1959ರ ಆಯುಧ ಅಧಿನಿಯಮ ಆಕ್ರಮಣಕ್ಕಾಗಲಿ ರಕ್ಷಣೆಗಾಗಲಿ ಆಯುಧವಾಗಿ ರೂಪಿಸಿದ ಅಥವಾ ಮಾರ್ಪಡಿಸಿದ ವಸ್ತುಗಳನ್ನು, ಹರಿತ ಅಂಚುಳ್ಳ ಹಾಗೂ ಇತರ ಮಾರಕ ವಸ್ತುಗಳನ್ನು ‘ಆಯುಧ’ದ ವ್ಯಾಖ್ಯೆಗೆ ಸೇರಿಸುತ್ತದೆ. ಕೇವಲ ಮನೆಬಳಕೆಗೆ ಅಥವಾ ಕೃಷಿಗೆಂದು ರೂಪಿಸಿದ ವಸ್ತುಗಳನ್ನು ಅದರಿಂದ ಹೊರಗಿಡುತ್ತದೆ. ಲಾಠಿ ಮತ್ತು ಸಾಮಾನ್ಯ ಊರುಗೋಲು ಅಲ್ಲಿ ಕೊಟ್ಟಿರುವ ಉದಾಹರಣೆಗಳು. ಅಂದರೆ ಹಿಪ್ಪುನೇರಳೆ ಸೊಪ್ಪು ಕೊಯ್ದು, ಕುಡುಗೋಲನ್ನು ಕೈಚೀಲದಲ್ಲಿಟ್ಟುಕೊಂಡು ಪಹಣಿಗಾಗಿ ನಾಡಕಚೇರಿಗೆ ಬರುವ ರೈತ ಈ ಅಧಿನಿಯಮದ ಅರ್ಥದಲ್ಲಿ ಆಯುಧ ತಂದವನಲ್ಲ. ಆದರೆ ಕನ್ನಡದ ‘ಆಯುಧ’ ಪದ ಅವನನ್ನು ಹೊರಗಿಡುವುದಿಲ್ಲ. ಮಹಾನವಮಿಯ ಆಯುಧಪೂಜೆಯಲ್ಲಿ ಕುಡುಗೋಲು, ಮಚ್ಚು, ನೇಗಿಲು, ಟ್ರ್ಯಾಕ್ಟರು, ಹೊಲಿಗೆಯಂತ್ರ ಎಲ್ಲವೂ ಆಯುಧಗಳೇ. ಕಚೇರಿಗಳಲ್ಲಿ ಕಂಪ್ಯೂಟರಿಗೂ ಜೀಪಿಗೂ ಕುಂಕುಮ ಹಚ್ಚುವುದು ಇದೇ ಅರ್ಥದಲ್ಲಿ. ಇಲ್ಲಿ ‘ಆಯುಧ’ವೆಂದರೆ ಹಿಂಸೆಯ ಸಾಧನವಲ್ಲ, ಕಸುಬಿನ ಸಾಧನ. ವರ್ಷಕ್ಕೊಮ್ಮೆ ಆಯುಧಕ್ಕೆ ಪೂಜೆ ಸಲ್ಲುವ ಕಟ್ಟಡದ ಬಾಗಿಲಿನಲ್ಲಿಯೇ ಆಯುಧ ನಿಷಿದ್ಧವೆಂದು ಬರೆದರೆ, ಎರಡು ‘ಆಯುಧ’ಗಳ ನಡುವಿನ ಭೇದವನ್ನು ಕಾವಲುಗಾರನ ಊಹೆಗೆ ಬಿಟ್ಟಂತಾಗುತ್ತದೆ.

ಪರ್ಯಾಯ ಪದಗಳೂ ಈ ತೊಡಕಿನಿಂದ ಮುಕ್ತವಲ್ಲ. ಕೈಯಲ್ಲಿ ಹಿಡಿದು ಹೊಡೆಯುವುದು ಶಸ್ತ್ರ, ಎಸೆಯುವುದು ಅಸ್ತ್ರ ಎಂಬ ಹಳೆಯ ಭೇದ ಇಂದಿನ ಬಳಕೆಯಲ್ಲಿ ಉಳಿದಿಲ್ಲ. ಪತ್ರಿಕೆಗಳ ‘ಮಾರಕಾಸ್ತ್ರ’ ಬಹುಪಾಲು ಕೈಯಲ್ಲಿ ಹಿಡಿದ ಮಚ್ಚು, ಲಾಂಗುಗಳೇ. ‘ಬಂದೂಕು’ ಎಂದರೆ ಉದ್ದನಳಿಕೆಯ ಚಿತ್ರ ಮೂಡುತ್ತದೆ. ಸೊಂಟದ ಪಿಸ್ತೂಲು ಸುಲಭವಾಗಿ ನೆನಪಾಗುವುದಿಲ್ಲ. ತೆಲುಗಿನ ಒಡನಾಟವಿರುವ ಈ ಸೀಮೆಯಲ್ಲಿ ‘ತುಪಾಕಿ’ಯೂ ಕಿವಿಗೆ ಪರಿಚಿತ. ಕೊಡಗಿನಲ್ಲಿ ‘ಕೋವಿ’ಗೆ ಬೇರೆಯೇ ಸ್ಥಾನವಿದೆ. ಅಲ್ಲಿನ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಗಳಿಗೆ ಮುಂದುವರಿಸಿತು. ರಾಜ್ಯದ ಉಚ್ಚ ನ್ಯಾಯಾಲಯ 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಒಂದೇ ರಾಜ್ಯದೊಳಗೆ ಒಂದೇ ವಸ್ತುವಿನ ಹೆಸರಿಗೆ ಇಷ್ಟು ಭಿನ್ನವಾದ ಸಾಮಾಜಿಕ ಅರ್ಥಗಳಿರುವಾಗ, ಒಂದು ಜಾತಿವಾಚಕ ಪದವನ್ನು ಎಲ್ಲ ಗೋಡೆಗಳಿಗೂ ಸಾಕೆನ್ನುವುದು ಸಾಧುವಲ್ಲ.

ಕ್ರಿಯಾಪದದ ಸಮಸ್ಯೆ ಇನ್ನೂ ಸೂಕ್ಷ್ಮವಾದುದು. 2016ರ ಆಯುಧ ನಿಯಮಗಳ ಪ್ರಕಾರ, ಸಾರ್ವಜನಿಕ ಸ್ಥಳದಲ್ಲಿ ಬಂದೂಕನ್ನು ಒಯ್ಯುವ ಪರವಾನಗಿದಾರ ಅದನ್ನು ಸೂಕ್ತ ಒರೆಯಲ್ಲಿ ಅಥವಾ ಚೀಲದಲ್ಲಿಟ್ಟು ಸಂಪೂರ್ಣವಾಗಿ ಮುಚ್ಚಿರಬೇಕು, ಝಳಪಿಸುವುದಂತೂ ನಿಷಿದ್ಧ. ನಮ್ಮಲ್ಲಿ ಕಾಣದಂತೆ ಒಯ್ಯುವುದು ಅನುಮತಿಯಷ್ಟೇ ಅಲ್ಲ, ಕರ್ತವ್ಯವೂ ಹೌದು. ಈ ಕರ್ತವ್ಯವನ್ನು ಕನ್ನಡದಲ್ಲಿ ಹೇಳುವುದು ಹೇಗೆ? ‘ಮುಚ್ಚು’ ತಟಸ್ಥ ಕ್ರಿಯೆ. ‘ಮರೆಮಾಚು’, ‘ಬಚ್ಚಿಡು’, ‘ಅಡಗಿಸು’ ಎಂಬವು ವಂಚನೆಯ ಉದ್ದೇಶವನ್ನು ಪೂರ್ವಭಾವಿಯಾಗಿ ಹೊತ್ತಿವೆ. ‘ಆಯುಧವನ್ನು ಬಚ್ಚಿಟ್ಟುಕೊಂಡು ಬಂದ’ ಎಂದರೆ ಅಪರಾಧದ ಅರ್ಧ ಸಾಬೀತಾದಂತೆಯೇ. ನಿಯಮವನ್ನು ಪಾಲಿಸಿದವನನ್ನೇ ತಪ್ಪಿತಸ್ಥನೆಂದು ಬಣ್ಣಿಸುವ ಕ್ರಿಯಾಪದ ಫಲಕದಲ್ಲಾಗಲಿ ವರದಿಯಲ್ಲಾಗಲಿ ಇರತಕ್ಕದ್ದಲ್ಲ.

ಇಂಗ್ಲಿಷಿನ ‘ಕ್ಯಾರಿ’ಗೆ ಸಮನಾದ ಒಂದೇ ಧಾತು ಕನ್ನಡದಲ್ಲಿಲ್ಲ, ‘ತರು’, ‘ಒಯ್ಯು’, ‘ಹೊರು’, ‘ಹಿಡಿ’, ‘ಧರಿಸು’, ‘ಇಟ್ಟುಕೊಳ್ಳು’ ಎಂಬ ಆರು ಅದರ ಹೊರೆಯನ್ನು ಹಂಚಿಕೊಂಡಿವೆ. ‘ತರು’ ಎಂಬುದರ ದರ್ಶಕ ಕೇಂದ್ರ ಕಚೇರಿ. ವಸ್ತು ಗಮ್ಯಕ್ಕೆ ಉದ್ದೇಶಪೂರ್ವಕವಾಗಿ ಬರಬೇಕು. ಹೊಲದಿಂದ ಮನೆಗೆ ಹೋಗುವ ದಾರಿಯಲ್ಲಿ ಕಚೇರಿಯನ್ನು ಹೊಕ್ಕವನು ಕುಡುಗೋಲನ್ನು ಕಚೇರಿಗೆ ‘ತಂದ’ನೆಂದು ಹೇಳುವುದಕ್ಕೆ ಸಹಜಭಾಷಿಕರು ಹಿಂಜರಿಯುತ್ತಾರೆ. ‘ಆಯುಧ ಹಿಡಿದು ಬರಬಾರದು’ ಎಂದರೆ ಕೈಯಲ್ಲಿ ಕಾಣುವ ಆಯುಧಕ್ಕಷ್ಟೇ ಅನ್ವಯ. ಸೊಂಟದಲ್ಲಿ ಸಿಕ್ಕಿಸಿಕೊಂಡವನು ವ್ಯಾಕರಣದ ಬಲದಿಂದಲೇ ತಪ್ಪಿಸಿಕೊಳ್ಳುತ್ತಾನೆ. ಈ ಆರರಲ್ಲಿ ಕಾಣುವ, ಕಾಣದ ಎರಡೂ ಸ್ಥಿತಿಗಳನ್ನು ಒಳಗೊಳ್ಳುವುದು ‘ಇಟ್ಟುಕೊಂಡು’ ಎಂಬ ರೂಪವೇ. ಕಾನೂನಿನ ಒಳಗೂ ಇಂಥ ಭೇದಗಳಿವೆ. 1951ರ ಪ್ರಜಾಪ್ರಾತಿನಿಧ್ಯ ಅಧಿನಿಯಮದ 134ಬಿ ಪ್ರಕರಣ ಮತದಾನದ ದಿನ ಮತಗಟ್ಟೆಯ ಸುತ್ತಮುತ್ತ ಸಶಸ್ತ್ರವಾಗಿ ಹೋಗುವುದನ್ನು ನಿಷೇಧಿಸುತ್ತದೆ, ಮತ್ತು ಅದಕ್ಕಾಗಿ 1959ರ ವ್ಯಾಖ್ಯೆಯನ್ನೇ ಎರವಲು ಪಡೆಯುತ್ತದೆ. ‘ಶಸ್ತ್ರಸಜ್ಜಿತ’ ಎಂಬ ಕನ್ನಡ ರೂಪ ಕಾಳಗದ ಸಿದ್ಧತೆಯನ್ನು ಧ್ವನಿಸುತ್ತದೆ. ಶಾಲೆಯ ಕೊಠಡಿ ಮತಗಟ್ಟೆಯಾದ ದಿನ, ಚೀಲದಲ್ಲಿ ಪಿಸ್ತೂಲಿಟ್ಟು ಸಾಲಿನಲ್ಲಿ ಸುಮ್ಮನೆ ನಿಂತವನು ತಾನು ಸಜ್ಜಿತನೆಂದು ಭಾವಿಸುವುದಿಲ್ಲ.

ಮೂರನೆಯದು ಪ್ರಯೋಗ. ‘ನಿಷೇಧಿಸಲಾಗಿದೆ’ ಎಂಬ ರಚನೆಯಲ್ಲಿ ಕರ್ಮ ದ್ವಿತೀಯಾ ವಿಭಕ್ತಿಯಲ್ಲೇ ಉಳಿಯುತ್ತದೆ, ಕರ್ತೃ ಕಾಣೆಯಾಗುತ್ತಾನೆ, ಕ್ರಿಯೆ ಈಗಾಗಲೇ ಮುಗಿದಿರುತ್ತದೆ. ಆಸ್ಟಿನ್ ಅವರ ಪರಿಭಾಷೆಯಲ್ಲಿ ಹೇಳುವುದಾದರೆ, ಇದು ನಿಷೇಧಿಸುವ ವಾಕ್‌ಕ್ರಿಯೆಯಲ್ಲ. ಬೇರೆಲ್ಲೋ ನಡೆದ ನಿಷೇಧದ ವರದಿ. ಎಲ್ಲಿ, ಯಾರಿಂದ, ಯಾವ ಅಧಿಕಾರದಿಂದ ಎಂಬುದು ಓದುಗನಿಗೆ ಸಿಗುವುದಿಲ್ಲ. ಈ ಕೊರತೆ ಅಲಂಕಾರಿಕವಲ್ಲ. ಅಧಿನಿಯಮ ಲಾಠಿಯನ್ನು ಆಯುಧವಲ್ಲವೆಂದರೆ, 1963ರ ಕರ್ನಾಟಕ ಪೊಲೀಸ್ ಅಧಿನಿಯಮದಡಿ ಶಾಂತಿಪಾಲನೆಗಾಗಿ ಹೊರಡಿಸುವ ಆದೇಶ ದೊಣ್ಣೆ, ಕೋಲು, ಲಾಠಿಗಳನ್ನೂ ನಿಷೇಧಿಸಬಲ್ಲದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೆಯ ಪ್ರಕರಣದ ನಿಷೇಧಾಜ್ಞೆಗೆ ಅವಧಿಯ ಮಿತಿಯಿದೆ. ಒಂದು ಶಾಶ್ವತ ಕಾನೂನು, ಒಂದು ತಾತ್ಕಾಲಿಕ ಆದೇಶ, ಒಂದು ಕಚೇರಿಯ ಆಂತರಿಕ ಕಟ್ಟಳೆ: ಮೂರೂ ಗೋಡೆಯ ಮೇಲೆ ಒಂದೇ ಕರ್ತೃಹೀನ ವಾಕ್ಯವಾದರೆ, ಅಜ್ಜನ ಊರುಗೋಲು ಇಂದು ಒಳಗೆ ಬರಬಹುದೇ ಎಂಬುದಕ್ಕೆ ಉತ್ತರವಿಲ್ಲ.

ಕಾನೂನು ಫಲಕದ ಮಾತನ್ನು ಗಂಭೀರವಾಗಿ ಪರಿಗಣಿಸಿದ ನಿದರ್ಶನಗಳು ಇಲ್ಲದಿಲ್ಲ. ಅಮೆರಿಕದ ಟೆಕ್ಸಾಸ್ ರಾಜ್ಯದ ದಂಡಸಂಹಿತೆಯ 30.06 ಪ್ರಕರಣ, ಮುಚ್ಚಿದ ಕೈಬಂದೂಕನ್ನು ತಡೆಯುವ ಫಲಕದ ವಾಕ್ಯವನ್ನು ಪದಶಃ ನಿಗದಿಪಡಿಸುತ್ತದೆ; ಅದು ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ, ಕನಿಷ್ಠ ಒಂದು ಅಂಗುಲದ ಅಕ್ಷರಗಳಲ್ಲಿ ಇರಬೇಕು. ಅಧಿಕಾರವಿಲ್ಲದೆಡೆ ಇಂಥ ಫಲಕ ಹಾಕುವ ಸರ್ಕಾರಿ ಸಂಸ್ಥೆಗೇ ದಂಡ ವಿಧಿಸುವ ಕಾನೂನು ಅಲ್ಲಿ 2015ರಲ್ಲಿ ಬಂತು. ಆ ದೇಶದ ಬಂದೂಕುನೀತಿ ನಮಗೆ ಮಾದರಿಯಲ್ಲ. ಫಲಕ ಬರೆಯುವವರೂ ತಮ್ಮ ವಾಕ್ಯಕ್ಕೆ ಉತ್ತರದಾಯಿಗಳು ಎಂಬ ತತ್ತ್ವ ಮಾತ್ರ ಗಮನಾರ್ಹ. ನಮ್ಮಲ್ಲಿಯೂ ಇದು ಅಪರಿಚಿತವಲ್ಲ. 2008ರ ಧೂಮಪಾನ ನಿಷೇಧ ನಿಯಮಗಳು ಫಲಕದ ಅಳತೆ 60 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರವಾದರೂ ಇರಬೇಕೆಂದು ಹೇಳುವುದಲ್ಲದೆ, ಅದರಲ್ಲಿರಬೇಕಾದ ಮಾತನ್ನೂ ದೂರು ಸ್ವೀಕರಿಸುವವರ ಹೆಸರನ್ನೂ ಕಡ್ಡಾಯಗೊಳಿಸಿವೆ. ಬೀಡಿಗೆ ಸಲ್ಲಿಸಿದ ಈ ಭಾಷಿಕ ಎಚ್ಚರ ಪಿಸ್ತೂಲಿಗೆ ಸಲ್ಲದಿರುವುದು ವಿಚಿತ್ರ.

ಫಲಕವನ್ನು ಯಾರೂ ಓದುವುದಿಲ್ಲ, ಕಾವಲುಗಾರನ ವಿವೇಕವೇ ಸಾಕು ಎಂಬ ಆಕ್ಷೇಪ ಸಹಜ. ಈ ವಿವೇಕವನ್ನು ನಾವು ಅಲ್ಲಗಳೆಯುವುದಿಲ್ಲ; ಕುಡುಗೋಲಿನ ರೈತ ದಿನನಿತ್ಯ ನಿರಾತಂಕವಾಗಿ ಓಡಾಡುವುದು ಅದರಿಂದಲೇ. ಆದರೆ ವಿವಾದ ಎದ್ದ ದಿನ ಎಲ್ಲರೂ ಬೆರಳು ತೋರುವುದು ಗೋಡೆಯ ವಾಕ್ಯದ ಕಡೆಗೆ. ಅಸ್ಪಷ್ಟ ವಾಕ್ಯ ಎಲ್ಲರಿಗೂ ಸಮಾನವಾಗಿ ಅಸ್ಪಷ್ಟವಲ್ಲ: ವಕೀಲರ ನೆರವುಳ್ಳ ಪರವಾನಗಿದಾರನಿಗೆ ಅದು ನುಸುಳುವ ಸಂದು, ನೆರವಿಲ್ಲದವನಿಗೆ ಹಿಂದಿರುಗಬೇಕಾದ ಬಾಗಿಲು.

ಆದ್ದರಿಂದ ನಮ್ಮ ಸೂಚನೆ ಸರಳವಾದುದು. ‘ಬಂದೂಕು, ಪಿಸ್ತೂಲು, ಚೂರಿ ಮುಂತಾದ ಆಯುಧಗಳನ್ನು ಮೈಮೇಲಾಗಲಿ ಚೀಲದಲ್ಲಾಗಲಿ ಇಟ್ಟುಕೊಂಡು, ಪರವಾನಗಿ ಇದ್ದರೂ, ಒಳಗೆ ಬರಬಾರದು. ಊರುಗೋಲಿಗೆ ಅಡ್ಡಿಯಿಲ್ಲ. ಕೃಷಿಯ ಹತ್ಯಾರುಗಳನ್ನು ಬಾಗಿಲಲ್ಲಿ ಒಪ್ಪಿಸಿ, ಹೋಗುವಾಗ ಪಡೆದುಕೊಳ್ಳಿ’ ಎಂದು ಬರೆದು, ಕೆಳಗೆ ಆದೇಶದ ಸಂಖ್ಯೆ, ದಿನಾಂಕ, ಅವಧಿ ಮತ್ತು ಹೊರಡಿಸಿದ ಅಧಿಕಾರಿಯ ಪದನಾಮವನ್ನು ಸೇರಿಸಿದರೆ ಮೂರು ದೋಷಗಳೂ ಬಹುಮಟ್ಟಿಗೆ ನಿವಾರಣೆಯಾಗುತ್ತವೆ. ಇಲ್ಲಿ ‘ಬಾರದು’ ವಿಧಿಸುತ್ತದೆ, ‘ಪಡೆದುಕೊಳ್ಳಿ’ ಗೌರವದಿಂದ ಸಂಬೋಧಿಸುತ್ತದೆ. ಅಂಥ ಆದೇಶವೇ ಇಲ್ಲದ ಕಚೇರಿ ಈ ಫಲಕವನ್ನು ಬರೆಸಲಾರದು. ಅದೂ ಒಂದು ಲಾಭವೇ. ಭಾಷಾಭೂದೃಶ್ಯವನ್ನು ಅಭ್ಯಸಿಸುವ ಸಂಶೋಧಕರು ಲಿಪಿಗಳನ್ನು ಎಣಿಸುವುದರ ಜೊತೆಗೆ ಕ್ರಿಯಾಪದಗಳನ್ನೂ ಓದತೊಡಗಿದರೆ, ಹೋಬಳಿಯ ಕಚೇರಿಯೊಂದರ ಗೋಡೆ ಕನ್ನಡದ ವಿಧಿನಿಷೇಧಗಳ ವ್ಯಾಕರಣಕ್ಕೆ ಸಾಕಷ್ಟು ಸಾಮಗ್ರಿಯನ್ನು ಒದಗಿಸಬಲ್ಲದು.