ಒಂದು ರೂಪಾಯಿ ಟಿಕೆಟ್ಟು: ಸಿನಿಮಾ ಬಿಟ್ಟ ಲೆಕ್ಕ

ತಮಿಳಿನ ‘ಸೂರರೈ ಪೋಟ್ರು’ ಚಿತ್ರವನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಸುಧಾ ಕೊಂಗರ ನಿರ್ದೇಶಿಸಿದ ಈ ಚಿತ್ರ ಬಿಡುಗಡೆಯಾದದ್ದು 2020ರಲ್ಲಿ. 2022ರಲ್ಲಿ ಪ್ರಕಟವಾದ ರಾಷ್ಟ್ರಪ್ರಶಸ್ತಿಗಳಲ್ಲಿ ಅದು ಅತ್ಯುತ್ತಮ ಕಥಾಚಿತ್ರ ಎನಿಸಿತು. ಆದರೆ ಕಥೆಯ ಬೇರು ಕರ್ನಾಟಕದ್ದು. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ 2003ರ ಆಗಸ್ಟ್‌ನಲ್ಲಿ ಏರ್ ಡೆಕ್ಕನ್ ವಿಮಾನ ಸಂಸ್ಥೆಯನ್ನು ಆರಂಭಿಸಿದರು. ಅವರ ಆತ್ಮಕಥೆ ‘ಸಿಂಪ್ಲಿ ಫ್ಲೈ’ ಈ ಚಿತ್ರಕ್ಕೆ ಆಧಾರ. ಸಂಸ್ಥೆಯ ಆರಂಭದ ಮಾರ್ಗಗಳಲ್ಲಿ ಬೆಂಗಳೂರು–ಹುಬ್ಬಳ್ಳಿ ಒಂದು.

ಜನಸಾಮಾನ್ಯನೂ ವಿಮಾನ ಹತ್ತಬೇಕೆಂಬ ಕನಸನ್ನು ಚಿತ್ರ ಮನಮುಟ್ಟುವಂತೆ ತೋರಿಸುತ್ತದೆ. ಅದರ ಬಗ್ಗೆ ತಕರಾರಿಲ್ಲ. ತಕರಾರಿರುವುದು ಅದು ಕೊಡುವ ವಿವರಣೆಯ ಬಗ್ಗೆ. ಚಿತ್ರದಲ್ಲಿ ಟಿಕೆಟ್ ದುಬಾರಿಯಾಗಿರುವುದಕ್ಕೆ ಒಬ್ಬ ಸ್ವಾರ್ಥಿ ಉದ್ಯಮಿ ಕಾರಣ. ಅದು ಅಗ್ಗವಾಗುವುದಕ್ಕೆ ಒಬ್ಬ ಛಲಗಾರ ಕಾರಣ. ಯಂತ್ರ, ಇಂಧನ, ಆಸನಗಳ ಲೆಕ್ಕ ಇವೆಲ್ಲ ಹಿನ್ನೆಲೆಗೆ ಸರಿಯುತ್ತವೆ. ತರಗತಿಯಲ್ಲಿ ಸ್ಫೂರ್ತಿಗಾಗಿ ಈ ಚಿತ್ರವನ್ನು ತೋರಿಸುವ ಶಿಕ್ಷಕರು ಈ ಕೊರತೆಯನ್ನು ತಾವೇ ತುಂಬಬೇಕಾಗುತ್ತದೆ.

ಮೊದಲು ಯಂತ್ರವನ್ನೇ ನೋಡೋಣ. ಏರ್ ಡೆಕ್ಕನ್ ಆರಂಭದಲ್ಲಿ ಬಳಸಿದ್ದು ಎಟಿಆರ್-42 ಎಂಬ ಟರ್ಬೊಪ್ರಾಪ್ ವಿಮಾನವನ್ನು. ಸುಮಾರು 48 ಆಸನಗಳ ಈ ವಿಮಾನದಲ್ಲಿ ಎಂಜಿನ್ನು ದೊಡ್ಡ ಪಂಖವನ್ನು ತಿರುಗಿಸುತ್ತದೆ. ಪಂಖದ ಲಾಭವೇನು? ಪ್ರತಿ ಸೆಕೆಂಡಿಗೆ ಹಿಂದಕ್ಕೆ ತಳ್ಳುವ ಗಾಳಿಯ ರಾಶಿಯನ್ನು ಅದು ಪಡೆಯುವ ವೇಗದಿಂದ ಗುಣಿಸಿದರೆ ನೂಕುಬಲ ಸಿಗುತ್ತದೆ. ಆದರೆ ಆ ಗಾಳಿಯೊಂದಿಗೆ ವ್ಯರ್ಥವಾಗಿ ಹೋಗುವ ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. ಎರಡರಷ್ಟು ಗಾಳಿಯನ್ನು ಅರ್ಧ ವೇಗದಲ್ಲಿ ತಳ್ಳಿ ನೋಡಿ. ನೂಕುಬಲ ಅಷ್ಟೇ ಇರುತ್ತದೆ, ವ್ಯರ್ಥವಾಗುವ ಶಕ್ತಿ ಅರ್ಧಕ್ಕಿಳಿಯುತ್ತದೆ. ಹತ್ತಿರದ ಊರುಗಳ ನಡುವೆ ನಿಧಾನವಾಗಿ ಹಾರುವ ವಿಮಾನಕ್ಕೆ ಪಂಖ ಒಪ್ಪುವುದು ಇದೇ ಕಾರಣಕ್ಕೆ. ಕಡಿಮೆ ದರದ ಹಿಂದೆ ಛಲದ ಜೊತೆ ಈ ಭೌತವಿಜ್ಞಾನವೂ ಇತ್ತು.

ಇನ್ನು ಮೇಲೇರುವ ಖರ್ಚು. ವಿಮಾನದ ತೂಕ 16 ಟನ್, ಏರುವ ಎತ್ತರ 5 ಕಿ.ಮೀ. ಎಂದಿಟ್ಟುಕೊಳ್ಳಿ. ಗಳಿಸುವ ಪ್ರಚ್ಛನ್ನ ಶಕ್ತಿ ಸುಮಾರು 784 ಮೆಗಾಜೌಲ್. ಒಂದು ಕಿ.ಗ್ರಾಂ ವಿಮಾನ ಇಂಧನ ಉರಿದರೆ ಸುಮಾರು 43 ಮೆಗಾಜೌಲ್ ಸಿಗುತ್ತದೆ. ಅದರ ಕಾಲುಭಾಗ ಮಾತ್ರ ಉಪಯೋಗಕ್ಕೆ ಬಂದರೆ ಬರೀ ಎತ್ತರಕ್ಕೇ ಸುಮಾರು 73 ಕಿ.ಗ್ರಾಂ ಇಂಧನ ಬೇಕು. ಇಳಿಯುವಾಗ ಸ್ವಲ್ಪ ಉಳಿತಾಯವಾಗುತ್ತದೆ, ನಿಜ. ಆದರೂ ಪ್ರಯಾಣ 300 ಕಿ.ಮೀ. ಇರಲಿ, 900 ಇರಲಿ, ಅಷ್ಟೇ ಎತ್ತರಕ್ಕೆ ಏರಬೇಕಾದರೆ ಈ ಖರ್ಚು ಅಷ್ಟೇ. ದಾರಿ ಚಿಕ್ಕದಾದಷ್ಟೂ ಪ್ರತಿ ಕಿಲೋಮೀಟರಿನ ಮೇಲೆ ಅದರ ಹೊರೆ ಹೆಚ್ಚು.

ಮೂರನೆಯದು ಖಾಲಿ ಆಸನ. ಒಂದು ಹಾರಾಟದ ವೆಚ್ಚ 1,44,000 ರೂಪಾಯಿ ಎಂದು ಕಲ್ಪಿಸಿಕೊಳ್ಳಿ. 48 ಆಸನಗಳೂ ತುಂಬಿದರೆ ತಲಾ 3,000 ರೂ.; 24 ಮಾತ್ರ ತುಂಬಿದರೆ 6,000 ರೂ. ಸಿಬ್ಬಂದಿಯ ಸಂಬಳ, ವಿಮಾನದ ಬಾಡಿಗೆ, ನಿರ್ವಹಣೆ ಯಾವುದೂ ಅರ್ಧವಾಗುವುದಿಲ್ಲ. ವಿಮಾನ ಹಾರಿದ ಮೇಲೆ ಖಾಲಿ ಆಸನವನ್ನು ನಾಳೆಗೆ ಎತ್ತಿಟ್ಟು ಮಾರಲೂ ಆಗುವುದಿಲ್ಲ. ಏರ್ ಡೆಕ್ಕನ್‌ನ ಪ್ರಸಿದ್ಧ ಒಂದು ರೂಪಾಯಿ ಟಿಕೆಟ್ಟನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಅದು ಕೆಲವೇ ಆಸನಗಳಿಗೆ ಇದ್ದ ದರ. ಉಳಿದವರು ಕೊಡುವ ಹಣ ಸೇರಿ ಸರಾಸರಿ ವೆಚ್ಚವನ್ನು ಮುಟ್ಟಲೇಬೇಕು. ಮುಟ್ಟದಿದ್ದರೆ ನಷ್ಟ.

ಆ ನಷ್ಟ ಬಂದೇ ಬಂತು. ವಿಮಾನ ಹಾರುವ ಗೆಲುವಿನೊಂದಿಗೆ ಚಿತ್ರ ಮುಗಿಯುತ್ತದೆ, ಚರಿತ್ರೆ ಮುಂದುವರಿಯುತ್ತದೆ. 2007ರಲ್ಲಿ ಏರ್ ಡೆಕ್ಕನ್‌ನಲ್ಲಿ ಯುಬಿ ಸಮೂಹ ಪಾಲು ಕೊಂಡಿತು. 2008ರಲ್ಲಿ ಅದು ಕಿಂಗ್‌ಫಿಷರ್ ಜೊತೆ ವಿಲೀನವಾಗಿ ‘ಕಿಂಗ್‌ಫಿಷರ್ ರೆಡ್’ ಆಯಿತು. 2012ರಲ್ಲಿ ಕಿಂಗ್‌ಫಿಷರ್ ಹಾರಾಟವೇ ನಿಂತಿತು. 2017ರ ಡಿಸೆಂಬರಿನಲ್ಲಿ ಗೋಪಿನಾಥ್ ಹಳೆಯ ಹೆಸರಿನಲ್ಲೇ, ಇಪ್ಪತ್ತರೊಳಗಿನ ಆಸನಗಳ ಪುಟ್ಟ ವಿಮಾನಗಳೊಂದಿಗೆ ಮತ್ತೆ ಆರಂಭಿಸಿದರು. ಕೊರೊನಾ ಕಾಲದಲ್ಲಿ, 2020ರ ಏಪ್ರಿಲ್‌ನಲ್ಲಿ, ಅದೂ ನಿಂತಿತು. ಛಲ ಎರಡು ಸಲವೂ ಇತ್ತು. ಲೆಕ್ಕ ಎರಡು ಸಲವೂ ಕೂಡಿಬರಲಿಲ್ಲ.

ಈ ಎರಡನೆಯ ಪ್ರಯತ್ನ ನಡೆದದ್ದು ಕೇಂದ್ರ ಸರ್ಕಾರದ ‘ಉಡಾನ್’ ಯೋಜನೆಯಡಿ. ಸುಮಾರು ಒಂದು ಗಂಟೆಯ ಹಾರಾಟದ ಕೆಲವು ಆಸನಗಳಿಗೆ 2,500 ರೂಪಾಯಿಯ ಮಿತಿ, ಸಂಸ್ಥೆಗೆ ಆಗುವ ಕೊರತೆಗೆ ಮೂರು ವರ್ಷ ನೆರವು, ಇದು ಆಗ ಅದರ ತಿರುಳು. ಹುಬ್ಬಳ್ಳಿಗೂ ಇದರಡಿ ವಿಮಾನಗಳು ಬಂದವು. ಆದರೆ ಮಹಾಲೇಖಪಾಲರ 2023ರ ವರದಿಯನ್ನು ಓದಿ. ಮೂರನೆಯ ಸುತ್ತಿನವರೆಗೆ ಹಂಚಿದ 774 ಮಾರ್ಗಗಳಲ್ಲಿ 403 ಆರಂಭವೇ ಆಗಲಿಲ್ಲ. ಆರಂಭವಾದ 371ರಲ್ಲಿ ಮೂರು ವರ್ಷ ಪೂರೈಸಿದವು 112. ನೆರವು ಮುಗಿದ ಮೇಲೂ 2023ರ ಮಾರ್ಚ್‌ವರೆಗೆ ಉಳಿದವು 54 ಮಾತ್ರ. ಇಷ್ಟೊಂದು ಮಾರ್ಗಗಳು ಬಿದ್ದುಹೋದದ್ದಕ್ಕೆ ಯಾವ ಒಬ್ಬ ಖಳನಾಯಕನನ್ನೂ ಹೊಣೆ ಮಾಡಲಾಗದು.

ಹಾಗಾದರೆ ಸಣ್ಣ ಊರುಗಳಿಗೆ ವಿಮಾನ ಬೇಡವೇ? ಬೇಡವೆಂದಲ್ಲ. ಯಾರಿಗೆ, ಎಷ್ಟು ದೂರಕ್ಕೆ, ಯಾವ ವಿಮಾನ, ಖಾಲಿ ಆಸನದ ಹಣ ಯಾರ ಜೇಬಿನಿಂದ ಎಂಬುದನ್ನು ಮೊದಲೇ ಕೇಳಬೇಕು. ಉಡಾನ್ ನೆರವಿನ ಹಣದಲ್ಲಿ ದೊಡ್ಡ ಪಾಲು ಬರುವುದು ಇತರ ಮಾರ್ಗಗಳ ಹಾರಾಟಗಳ ಮೇಲಿನ ಸುಂಕದಿಂದ ಎಂಬುದು ನೆನಪಿರಲಿ.

ಈ ಲೆಕ್ಕಕ್ಕೆ ಪ್ರಯೋಗಾಲಯ ಬೇಕಿಲ್ಲ. ಕಲಘಟಗಿ ತಾಲ್ಲೂಕಿನ ದೇವಿಕೊಪ್ಪದಂಥ ಊರಿನ ತರಗತಿಯಲ್ಲೂ ಕರಿಹಲಗೆಯ ಮೇಲೆ ಮಾಡಬಹುದು. ಊರಿನಿಂದ ಹುಬ್ಬಳ್ಳಿ ವಿಮಾನ ನಿಲ್ದಾಣ ತಲುಪುವ ಸಮಯ, ಅಲ್ಲಿ ಕಾಯುವ ಸಮಯ, ಹಾರಾಟ, ಬೆಂಗಳೂರಿನ ದೇವನಹಳ್ಳಿಯಿಂದ ಪೇಟೆಗೆ ಹೋಗುವ ಸಮಯ ಎಲ್ಲವನ್ನೂ ಕೂಡಿಸಿ. ಅದನ್ನು ರೈಲು ಮತ್ತು ಬಸ್ಸಿನ ಸಮಯ, ದರಗಳೊಂದಿಗೆ ವಿದ್ಯಾರ್ಥಿಗಳೇ ಹೋಲಿಸಲಿ. ಚಿತ್ರವನ್ನು ಅಗತ್ಯವಾಗಿ ತೋರಿಸಿ, ಚಪ್ಪಾಳೆಯನ್ನೂ ತಟ್ಟಿ. ಆಮೇಲೆ ಸೀಮೆಸುಣ್ಣವನ್ನು ಕೈಗೆತ್ತಿಕೊಳ್ಳಿ. ಮುಂದೆ ತಮ್ಮ ಊರಿಗೆ ಹೊಸ ವಿಮಾನ ಬರುತ್ತದೆಂಬ ಸುದ್ದಿ ಓದಿದಾಗ ಎಷ್ಟು ಆಸನ, ಎಷ್ಟು ದಿನ ಎಂದು ಆ ಮಕ್ಕಳು ಕೇಳುವಂತಾದರೆ ಪಾಠ ಸಾರ್ಥಕ.