ದೇಶಭ್ರಷ್ಟ ನಾಯಕರೂ ಇರಾನಿನ ಜನಮತವೂ

1979ರ ಕ್ರಾಂತಿಯ ತರುವಾಯ ಇರಾನನ್ನು ತೊರೆದ ವಿರೋಧಪಕ್ಷದ ನಾಯಕರು ಆ ದೇಶದ ಭವಿಷ್ಯವನ್ನು ಕುರಿತು ಪರದೇಶಗಳಲ್ಲಿದ್ದುಕೊಂಡು ದೀರ್ಘವಾಗಿ ಚರ್ಚಿಸಿದ್ದಾರೆ. ರಾಜಪಕ್ಷದವರಿಗೂ ಗಣರಾಜ್ಯವಾದಿಗಳಿಗೂ ವೈಮನಸ್ಯವೆಷ್ಟಿದ್ದರೂ ಒಂದು ಮಾತನ್ನು ಇಬ್ಬರೂ ಆಡುತ್ತಾರೆ: ಕೊನೆಗೆ ಜನರೇ ಮತಕೊಟ್ಟು ತೀರ್ಮಾನಿಸಲಿ. ಮೇಲ್ನೋಟಕ್ಕೆ ಇದು ನಿರ್ದುಷ್ಟವಾದ ಮಾತು. ಆದರೂ ಜನರ ಮುಂದಿಡುವ ಪ್ರಶ್ನೆಯನ್ನು ರಚಿಸುವವರು ಯಾರೆಂಬುದು ತಿಳಿಯದ ಹೊರತು ಇದರಿಂದ ಏನೂ ಇತ್ಯರ್ಥವಾಗದೆಂದು ನಾವು ಭಾವಿಸುತ್ತೇವೆ.

ಇದಕ್ಕೆ ಇರಾನಿನ ಇತಿಹಾಸವೇ ನಿದರ್ಶನ. 1964ರಲ್ಲಿ ಗಡೀಪಾರಾದ ಖೊಮೇನಿಯವರು 1970ರಲ್ಲಿ ಇರಾಕಿನ ನಜಫ್ ನಗರದಲ್ಲಿ ನೀಡಿದ ಉಪನ್ಯಾಸಗಳಲ್ಲಿ ರಾಜ್ಯಾಧಿಕಾರವು ಧರ್ಮಶಾಸ್ತ್ರಜ್ಞನಿಗೆ ಸಲ್ಲತಕ್ಕದ್ದೆಂದು ಸ್ಪಷ್ಟವಾಗಿ ಪ್ರತಿಪಾದಿಸಿದರು. ಅವು ಪುಸ್ತಕರೂಪದಲ್ಲಿಯೂ ಹೊರಬಂದವು. 1978ರ ಅಕ್ಟೋಬರಿನಲ್ಲಿ ಪ್ಯಾರಿಸ್ಸಿನ ಸಮೀಪದ ಹಳ್ಳಿಯೊಂದಕ್ಕೆ ಬಂದಮೇಲೆ ಪತ್ರಿಕಾಪ್ರತಿನಿಧಿಗಳೊಡನೆ ಅವರು ಆಡಿದ ಮಾತುಗಳಾದರೋ ಸ್ವಾತಂತ್ರ್ಯವನ್ನು ಕುರಿತವು. ತಾವು ಅಧಿಕಾರವನ್ನು ವಹಿಸುವುದಿಲ್ಲವೆಂದೂ ಅವರು ಹೇಳಿದರು. 1979ರ ಮಾರ್ಚ್ 30 ಮತ್ತು 31ರಂದು ನಡೆದ ಜನಮತಗಣನೆಯಲ್ಲಿ ಮತದಾರರ ಮುಂದಿದ್ದ ಪ್ರಶ್ನೆ ಒಂದೇ: ಇಸ್ಲಾಮೀ ಗಣರಾಜ್ಯ ಬೇಕೆ, ಬೇಡವೆ? ಶೇಕಡ 98ಕ್ಕೂ ಹೆಚ್ಚು ಮಂದಿ ಬೇಕೆಂದರೆಂದು ಸರ್ಕಾರ ಪ್ರಕಟಿಸಿತು. ಆ ಗಣರಾಜ್ಯದ ರಾಜ್ಯಾಂಗ ಆಗ ಇನ್ನೂ ಸಿದ್ಧವಾಗಿರಲಿಲ್ಲ. ಜೂನ್ ತಿಂಗಳಲ್ಲಿ ಪ್ರಕಟವಾದ ಕರಡಿನಲ್ಲಿಯೂ ಧರ್ಮಶಾಸ್ತ್ರಜ್ಞನ ಪರಮಾಧಿಕಾರದ ಪ್ರಸ್ತಾಪವಿರಲಿಲ್ಲ. ಬಳಿಕ ಕೂಡಿದ ತಜ್ಞರ ಸಭೆ ಅದನ್ನು ಸೇರಿಸಿತು. ಡಿಸೆಂಬರಿನಲ್ಲಿ ಅದು ಊರ್ಜಿತವಾಯಿತು. ಜನರು ಮಾರ್ಚ್ ತಿಂಗಳಲ್ಲಿ ಒಪ್ಪಿದ್ದು ಒಂದು ಹೆಸರನ್ನು. ಅದರ ಅರ್ಥವನ್ನು ಅನ್ಯರು ಅನಂತರ ಬರೆದರು.

ಈ ಪಾಠವನ್ನು ಇತ್ತೀಚಿನ ದೇಶಭ್ರಷ್ಟರು ಗ್ರಹಿಸಿರುವರೆ? ಷಾಹನ ಪುತ್ರರಾದ ರಜಾ ಪಹ್ಲವಿಯವರು ರಾಜತ್ವವೋ ಗಣರಾಜ್ಯವೋ ಎಂಬುದನ್ನು ಮತದಾನಕ್ಕೆ ಬಿಡಬೇಕೆನ್ನುತ್ತ ಬಂದಿದ್ದಾರೆ. 1981ರಲ್ಲಿ ಹುಟ್ಟಿದ ರಾಷ್ಟ್ರೀಯ ಪ್ರತಿರೋಧ ಮಂಡಳಿಯು ಜನರ ಮತ ಬೀಳುವ ಮೊದಲೇ, 1993ರಲ್ಲಿ, ಮರಿಯಮ್ ರಜವಿಯವರನ್ನು ಸಂಕ್ರಮಣಕಾಲದ ಅಧ್ಯಕ್ಷೆಯಾಗಿ ಆರಿಸಿಕೊಂಡಿತು. 2022ರಲ್ಲಿ ಮಹ್ಸಾ ಅಮೀನಿಯ ಮರಣದಿಂದ ಎದ್ದ ಚಳವಳಿಯ ಫಲವಾಗಿ ಪಹ್ಲವಿ, ಶಿರೀನ್ ಇಬಾದಿ, ಕುರ್ದಿಷ್ ನಾಯಕ ಅಬ್ದುಲ್ಲಾ ಮೊಹ್ತದಿ ಮೊದಲಾದವರು 2023ರ ಫೆಬ್ರವರಿಯಲ್ಲಿ ಒಂದುಗೂಡಿ, ಮಾರ್ಚ್ ತಿಂಗಳಲ್ಲಿ ಸನ್ನದೊಂದನ್ನು ಹೊರಡಿಸಿದರು. ಏಪ್ರಿಲ್ ತಿಂಗಳಿನಲ್ಲಿಯೇ ಆ ಕೂಟ ಒಡೆಯಿತು. ತಮ್ಮೊಳಗಿನ ಭೇದವನ್ನು ಬಗೆಹರಿಸುವ ನಿಯಮವಿಲ್ಲದ ಕೂಟವು ದೇಶದ ಭೇದಗಳನ್ನು ಬಗೆಹರಿಸೀತೆಂದು ನಂಬುವುದು ಕಷ್ಟ.

ಇವರ ಧೈರ್ಯವನ್ನು ನಾವು ಶಂಕಿಸುತ್ತಿಲ್ಲ. ಕುರ್ದಿಷ್ ನಾಯಕ ಗಾಸಿಮ್ಲು 1989ರಲ್ಲಿ ವಿಯೆನ್ನಾದಲ್ಲಿಯೂ ಮಾಜಿ ಪ್ರಧಾನಿ ಬಖ್ತಿಯಾರ್ 1991ರಲ್ಲಿ ಪ್ಯಾರಿಸ್ಸಿನ ಬಳಿಯೂ ಕೊಲೆಯಾದರು. ದೇಶದ ಹೊರಗಿರುವವರು ಚುನಾವಣೆ ನಡೆಸಲಾರರೆಂಬುದೂ ನಿಜವೇ. ಆದರೆ ಕಷ್ಟಸಹಿಷ್ಣುತೆಯಿಂದ ಗೌರವ ದೊರೆಯುತ್ತದೆಯೇ ವಿನಾ ಅಧಿಕಾರದ ಹಕ್ಕು ದೊರೆಯುವುದಿಲ್ಲ.

ಆದಕಾರಣ ಇಂತಹ ಸನ್ನದುಗಳನ್ನು ಓದುವ ವಿದ್ಯಾರ್ಥಿಗಳು ಅವುಗಳ ಆದರ್ಶವಾಕ್ಯಗಳಲ್ಲಿಯೇ ನಿಲ್ಲಬಾರದು. ಹಳೆಯ ಸರ್ಕಾರ ಬಿದ್ದ ದಿನಕ್ಕೂ ಮತದಾನದ ದಿನಕ್ಕೂ ನಡುವೆ ಸೈನ್ಯ ಯಾರ ಅಧೀನದಲ್ಲಿರುವುದು, ಮಧ್ಯಂತರ ಸರ್ಕಾರದ ಅವಧಿ ಎಷ್ಟು, ಮತಪತ್ರದಲ್ಲಿ ಎಷ್ಟು ಪಕ್ಷಾಂತರಗಳಿರುವುವು, ರಾಜ್ಯಾಂಗದ ಕರಡು ಮತದಾನಕ್ಕೆ ಮೊದಲು ಬರುವುದೋ ಅನಂತರವೋ ಎಂಬುದನ್ನು ಹುಡುಕಬೇಕು. ಇವುಗಳಿಗೆ ಉತ್ತರವಿಲ್ಲದ ಸನ್ನದು ಎಷ್ಟೇ ಉದಾತ್ತವಾಗಿರಲಿ, ಅದು ಇರಾನಿನ ಜನರನ್ನು 1979ರ ಮಾರ್ಚ್ ತಿಂಗಳಿಗೇ ಮರಳಿ ಒಯ್ಯುವುದೆಂದು ನಮ್ಮ ಅಭಿಪ್ರಾಯ.